ದಯಾಮರಣ, ಲಿವಿಂಗ್ ವಿಲ್, ಘನತೆಯ ಸಾವು: ಪದೇ ಪದೇ ಕೇಳುವ ಪ್ರಶ್ನೆಗಳು

ಅಪ್ಪನನ್ನು ಐಸಿಯುಗೆ ಸೇರಿಸಿದ ಮೂರನೇ ರಾತ್ರಿ, ಎರಡು ಗಂಟೆ ಹೊತ್ತಿಗೆ, ಚಿಕ್ಕ ವಯಸ್ಸಿನ ಡಾಕ್ಟರ್ ಒಬ್ಬರು ಹೊರಗೆ ಬಂದು ಒಂದು ಕಾಗದ ಚಾಚಿದರು. "ವೆಂಟಿಲೇಟರ್ ಹಾಕಬೇಕು, ಸೈನ್ ಮಾಡಿ" ಅಂದರು. "ಹಾಕಿದರೆ ಹುಷಾರಾಗ್ತಾರಾ?" ಅಂತ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನೋಡೋಣ" ಅಂದರು. ನಾನು ಸೈನ್ ಮಾಡಿದೆ. ಆಮೇಲೆ ಹನ್ನೊಂದು ದಿನ ಅಪ್ಪ ಹಾಗೇ ಇದ್ದರು.

ಆ ಹನ್ನೊಂದು ದಿನ ನನ್ನನ್ನು ಕಾಡಿದ ಪ್ರಶ್ನೆಗಳು, ಆಮೇಲೆ ನೆಂಟರು, ಸ್ನೇಹಿತರು ನನ್ನನ್ನು ಕೇಳಿದ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಓದಿ, ಕೇಳಿ ತಿಳಿದುಕೊಂಡಿದ್ದನ್ನು ಬರೆದಿದ್ದೇನೆ. ನನ್ನ ಅಭಿಪ್ರಾಯ ಇರುವ ಕಡೆ ಅದು ನನ್ನದು ಅಂತಲೇ ಹೇಳಿದ್ದೇನೆ.

ದಯಾಮರಣ ಅಂದರೆ ನಿಜವಾಗಿ ಏನು?

ಮೂರು ಬೇರೆ ಬೇರೆ ಸಂಗತಿಗಳಿಗೆ ನಾವು ಒಂದೇ ಪದ ಬಳಸುತ್ತೇವೆ. ಅರ್ಧ ಜಗಳ ಹುಟ್ಟುವುದೇ ಅಲ್ಲಿಂದ.

ಒಂದು, ರೋಗಿ ಬೇಡಿಕೊಂಡಾಗ ಡಾಕ್ಟರೇ ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು. ಇದಕ್ಕೆ ಸಕ್ರಿಯ ದಯಾಮರಣ ಅನ್ನುತ್ತಾರೆ. ಎರಡು, ಡಾಕ್ಟರ್ ಔಷಧಿ ಬರೆದುಕೊಟ್ಟು, ರೋಗಿ ತಾನೇ ಅದನ್ನು ಕುಡಿಯುವುದು. ಇದು ನೆರವಿನ ಸಾವು. ಮೂರು, ವಾಸಿಯಾಗುವ ಭರವಸೆ ಇಲ್ಲದಿರುವಾಗ ವೆಂಟಿಲೇಟರ್, ಡಯಾಲಿಸಿಸ್‌ನಂಥ ಚಿಕಿತ್ಸೆ ಶುರು ಮಾಡದೇ ಇರುವುದು, ಇಲ್ಲವೇ ಶುರು ಮಾಡಿದ್ದನ್ನು ನಿಲ್ಲಿಸುವುದು. ಇದನ್ನು ನಿಷ್ಕ್ರಿಯ ದಯಾಮರಣ ಅಂತ ಕರೆಯುತ್ತಾ ಬಂದಿದ್ದಾರೆ.

ಮೂರನೆಯದಕ್ಕೆ ಆ ಹೆಸರೇ ಬೇಡ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2018ರಲ್ಲೇ ಹೇಳಿದೆ. ನನಗೂ ಅದು ಸರಿ ಅನಿಸುತ್ತದೆ. ದಯಾಮರಣ ಅಂದ ಕೂಡಲೇ ಮನೆಯವರ ಕಣ್ಣ ಮುಂದೆ ಸಿರಿಂಜ್ ಬಂದು ನಿಲ್ಲುತ್ತದೆ. ಮೂರನೆಯದರಲ್ಲಿ ಸಿರಿಂಜ್ ಇಲ್ಲ. ರೋಗ ತನ್ನ ದಾರಿ ಹಿಡಿಯುತ್ತದೆ, ನಾವು ಅಡ್ಡ ನಿಲ್ಲುವುದನ್ನು ಬಿಡುತ್ತೇವೆ, ಅಷ್ಟೇ.

ನಮ್ಮ ದೇಶದಲ್ಲಿ ಯಾವುದಕ್ಕೆ ಅವಕಾಶ ಇದೆ?

ಮೂರನೆಯದಕ್ಕೆ ಮಾತ್ರ. ಮೊದಲ ಎರಡೂ ಅಪರಾಧ. ರೋಗಿಯೇ ಕೈಮುಗಿದು ಕೇಳಿಕೊಂಡಿದ್ದರೂ ಇಂಜೆಕ್ಷನ್ ಕೊಟ್ಟವರ ಮೇಲೆ ನರಹತ್ಯೆಯ ಕೇಸು ಬೀಳುತ್ತದೆ. ಔಷಧಿ ತಂದುಕೊಟ್ಟರೆ ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟ ಕೇಸು.

ಈ ಚರ್ಚೆ ಬಂದಾಗಲೆಲ್ಲ ಅರುಣಾ ಶಾನಭಾಗ್ ಹೆಸರು ಯಾಕೆ ಬರುತ್ತದೆ?

ಅರುಣಾ ನಮ್ಮ ಉತ್ತರ ಕನ್ನಡದವರು. ಹೊನ್ನಾವರದ ಹತ್ತಿರದ ಹಳದೀಪುರ ಅವರ ಊರು. ನರ್ಸ್ ಆಗಿ ಮುಂಬೈನ ಕೆಇಎಂ ಆಸ್ಪತ್ರೆಗೆ ಹೋದರು. ಅಲ್ಲೇ ಒಬ್ಬ ಡಾಕ್ಟರ್ ಜೊತೆ ಮದುವೆ ನಿಶ್ಚಯವಾಗಿತ್ತು. 1973ರ ನವೆಂಬರ್ 27ರಂದು ಆಸ್ಪತ್ರೆಯ ಒಬ್ಬ ಕೆಲಸಗಾರ ನಾಯಿ ಕಟ್ಟುವ ಸರಪಳಿಯನ್ನು ಅವರ ಕತ್ತಿಗೆ ಬಿಗಿದು ಅತ್ಯಾಚಾರ ಮಾಡಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಅಲ್ಲಿಂದ ಸುಮಾರು 42 ವರ್ಷ ಅವರು ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ಮಾಡಿದವನಿಗೆ ಆದದ್ದು ಏಳು ವರ್ಷ ಜೈಲು. ಕಳ್ಳತನ ಮತ್ತು ಕೊಲೆ ಯತ್ನಕ್ಕೆ.

2009ರಲ್ಲಿ ಪತ್ರಕರ್ತೆ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. ಅರುಣಾಗೆ ಆಹಾರ ಕೊಡುವುದನ್ನು ನಿಲ್ಲಿಸಿ, ಅವರನ್ನು ಬಿಡುಗಡೆ ಮಾಡಿ ಎಂದು ಕೇಳಿದರು. ಆಸ್ಪತ್ರೆಯ ನರ್ಸುಗಳು ಒಪ್ಪಲಿಲ್ಲ. ಅರುಣಾ ಕೆಲಸ ಮಾಡುತ್ತಿದ್ದ ಕಾಲದಲ್ಲಿ ಹುಟ್ಟದೇ ಇದ್ದ ಹುಡುಗಿಯರೂ ಆ ನರ್ಸುಗಳಲ್ಲಿದ್ದರು. ಅವರೇ ಊಟ ತಿನ್ನಿಸುತ್ತಿದ್ದರು, ಸ್ನಾನ ಮಾಡಿಸುತ್ತಿದ್ದರು, ಮಗ್ಗುಲು ಬದಲಿಸುತ್ತಿದ್ದರು. ಅಷ್ಟು ವರ್ಷ ಮಲಗಿದ್ದರೂ ಅವರ ಮೈಮೇಲೆ ಹಾಸಿಗೆ ಹುಣ್ಣು ಆಗದ ಹಾಗೆ ನೋಡಿಕೊಂಡಿದ್ದರು. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ಒಂದು ತಿಂಗಳು ನೋಡಿಕೊಂಡವರಿಗೆ ಈ ಮಾತಿನ ತೂಕ ಗೊತ್ತಾಗುತ್ತದೆ.

2011ರ ಮಾರ್ಚ್ 7ರಂದು ತೀರ್ಪು ಬಂತು. ವಿರಾನಿಯವರ ಅರ್ಜಿ ಬಿದ್ದುಹೋಯಿತು. ಅರುಣಾ ಪರವಾಗಿ ಮಾತಾಡುವ ಹಕ್ಕು ದಿನವೂ ನೋಡಿಕೊಂಡ ಆಸ್ಪತ್ರೆಯ ಸಿಬ್ಬಂದಿಯದು ಎಂದಿತು ಕೋರ್ಟ್. ಆದರೆ ಅದೇ ತೀರ್ಪಿನಲ್ಲಿ, ಹೈಕೋರ್ಟಿನ ಅನುಮತಿ ಪಡೆದು ಇಂಥ ರೋಗಿಗಳ ಚಿಕಿತ್ಸೆ ನಿಲ್ಲಿಸಬಹುದು ಅನ್ನುವ ದಾರಿಯೂ ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

ಯಾರು ಸರಿ? ವಿರಾನಿ ಕೇಳಿದ್ದು ಕರುಣೆಯಿಂದ. ನರ್ಸುಗಳು ಬೇಡ ಅಂದಿದ್ದೂ ಕರುಣೆಯಿಂದಲೇ. ನಾನು ತುಂಬಾ ಸಲ ಯೋಚಿಸಿದ್ದೇನೆ. ಪ್ರತಿ ಸಲವೂ ನರ್ಸುಗಳ ಕಡೆಗೇ ವಾಲುತ್ತೇನೆ. ಯಾಕೆಂದರೆ ಅರುಣಾಗೆ ಏನು ಬೇಕಿತ್ತು ಅಂತ ಯಾರಿಗೂ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದಿರುವಾಗ, ಮೈ ತೊಳೆದು ತಲೆ ಬಾಚಿದ ಕೈಗಳ ಮಾತಿಗೆ ಜಾಸ್ತಿ ಬೆಲೆ ಕೊಡಬೇಕು.

ಈಗಲೂ ಹೈಕೋರ್ಟಿಗೆ ಹೋಗಬೇಕಾ?

ಬೇಡ. ಕಾಮನ್ ಕಾಸ್ ಅನ್ನುವ ಸಂಸ್ಥೆ 2005ರಲ್ಲಿ ಹಾಕಿದ್ದ ಅರ್ಜಿಯ ಮೇಲೆ, 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನೊಳಗೆ ಘನತೆಯಿಂದ ಸಾಯುವ ಹಕ್ಕೂ ಸೇರಿದೆ ಎಂದಿತು. ಲಿವಿಂಗ್ ವಿಲ್, ಅಂದರೆ ಮುಂದೆ ತನಗೆ ಹೇಳಲು ಆಗದ ಸ್ಥಿತಿ ಬಂದರೆ ಯಾವ ಚಿಕಿತ್ಸೆ ಬೇಡ ಎಂದು ಮೊದಲೇ ಬರೆದಿಡುವ ಪತ್ರ, ಬರೆಯಬಹುದು ಎಂದಿತು. ಆದರೆ ಅದು ಹಾಕಿದ ನಿಯಮಗಳು ತುಂಬಾ ಕಷ್ಟದವು. ವಿಲ್‌ಗೆ ಮ್ಯಾಜಿಸ್ಟ್ರೇಟರ ಸಹಿ ಬೇಕು, ಚಿಕಿತ್ಸೆ ನಿಲ್ಲಿಸುವ ಮೊದಲು ಮ್ಯಾಜಿಸ್ಟ್ರೇಟರೇ ಆಸ್ಪತ್ರೆಗೆ ಬಂದು ರೋಗಿಯನ್ನು ನೋಡಬೇಕು. ಇದೆಲ್ಲ ಆಗುವ ಮಾತಾ?

2023ರ ಜನವರಿ 24ರಂದು ಕೋರ್ಟೇ ಇದನ್ನು ಸಡಿಲ ಮಾಡಿತು. ಈಗ ಚಿಕಿತ್ಸೆ ನೀಡುತ್ತಿರುವ ಡಾಕ್ಟರ್ ಮತ್ತು ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು ಸೇರಿ ಮೊದಲ ಮಂಡಳಿ. ಅವರು ನೋಡಿ, ಇನ್ನು ಉಪಯೋಗವಿಲ್ಲ ಅಂದರೆ ಎರಡನೇ ಮಂಡಳಿ. ಅದರಲ್ಲಿ ಜಿಲ್ಲೆಯ ಆರೋಗ್ಯಾಧಿಕಾರಿ ಸೂಚಿಸಿದ ಒಬ್ಬ ಡಾಕ್ಟರ್, ಜೊತೆಗೆ ಮೊದಲ ಮಂಡಳಿಯಲ್ಲಿ ಇಲ್ಲದ ಇಬ್ಬರು ತಜ್ಞರು ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಮನೆಯವರ ಒಪ್ಪಿಗೆ ಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು, ಅವರ ಅನುಮತಿಗೆ ಕಾಯಬೇಕಿಲ್ಲ. ಮಂಡಳಿ ಒಪ್ಪದಿದ್ದರೆ ಮಾತ್ರ ಹೈಕೋರ್ಟ್.

2025ರಲ್ಲಿ ಕರ್ನಾಟಕ ಸರ್ಕಾರ ದಯಾಮರಣಕ್ಕೆ ಒಪ್ಪಿಗೆ ಕೊಟ್ಟಿತು ಅಂತ ಓದಿದೆ. ಹೌದಾ?

ಶೀರ್ಷಿಕೆಗಳು ಹಾಗೆ ಬಂದವು. ಆದೇಶ ಹಾಗಿರಲಿಲ್ಲ. 2025ರ ಜನವರಿ ಕೊನೆಯಲ್ಲಿ ಆರೋಗ್ಯ ಇಲಾಖೆ ಹೊರಡಿಸಿದ ಸುತ್ತೋಲೆ, ಮೇಲೆ ಹೇಳಿದ ಸುಪ್ರೀಂ ಕೋರ್ಟ್ ನಿಯಮಗಳನ್ನು ನಮ್ಮ ಆಸ್ಪತ್ರೆಗಳಲ್ಲಿ ಜಾರಿ ಮಾಡುವುದು ಹೇಗೆ ಅಂತ ಹೇಳುತ್ತದೆ. ಎರಡನೇ ಮಂಡಳಿಗೆ ಡಾಕ್ಟರನ್ನು ಸೂಚಿಸುವುದು ಯಾರು, ಕಾಗದ ಯಾರಿಗೆ ಹೋಗಬೇಕು, ಇಂಥ ಸಂಗತಿಗಳು. ಇದನ್ನು ದಯಾಮರಣದ ಜೊತೆ ಬೆರೆಸಬೇಡಿ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಆಗಲೇ ಹೇಳಿದ್ದರು. ಜೀವರಕ್ಷಕ ಯಂತ್ರದ ಮೇಲಿರುವ, ಚಿಕಿತ್ಸೆಗೆ ಸ್ಪಂದಿಸದ ರೋಗಿಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ಇಲ್ಲಿ ದಾವಣಗೆರೆಯ ಎಚ್.ಬಿ. ಕರಿಬಸಮ್ಮನವರನ್ನು ನೆನೆಯಲೇಬೇಕು. ನಿವೃತ್ತ ಶಿಕ್ಷಕಿ. ಘನತೆಯಿಂದ ಸಾಯುವ ಹಕ್ಕು ಬೇಕು ಎಂದು ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಪತ್ರ ಬರೆದರು, ಕಚೇರಿಗಳಿಗೆ ಅಲೆದರು. ಸುತ್ತೋಲೆ ಬಂದಾಗ ಅವರೇ ಇದರ ಮೊದಲ ಫಲಾನುಭವಿ ಆಗಬಹುದು ಎಂದು ಸುದ್ದಿಯಾಯಿತು. ಆದರೆ ಎದ್ದು ಕೂತು ಮಾತಾಡುವ ಒಬ್ಬರಿಗೆ, ನೋವಿದೆ ಅನ್ನುವ ಕಾರಣಕ್ಕೆ ಸಾವು ಕೊಡಲು ಆ ಸುತ್ತೋಲೆಯಲ್ಲಿ ಜಾಗವೇ ಇಲ್ಲ. ಅವರು ಕೇಳುತ್ತಾ ಬಂದದ್ದಕ್ಕೂ ರಾಜ್ಯ ಕೊಟ್ಟದ್ದಕ್ಕೂ ನಡುವೆ ಇನ್ನೂ ತುಂಬಾ ದೂರ ಇದೆ.

ವೆಂಟಿಲೇಟರ್ ತೆಗೆಸಿದರೆ ನಾವೇ ಕೊಂದ ಹಾಗಾಗಲ್ವಾ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದು. ಮಕ್ಕಳು ಎಷ್ಟೋ ವರ್ಷ ಆದಮೇಲೂ ಇದನ್ನೇ ಕೇಳಿಕೊಳ್ಳುತ್ತಾರೆ.

ಐಸಿಯು ಒಳಗೆ ನನ್ನನ್ನು ದಿನಕ್ಕೆ ಎರಡು ಸಲ, ಹತ್ತತ್ತು ನಿಮಿಷ ಬಿಡುತ್ತಿದ್ದರು. ಅಪ್ಪನ ಎರಡೂ ಕೈಗಳನ್ನು ಬಿಳಿ ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಸರಳಿಗೆ ಕಟ್ಟಿದ್ದರು. ನಳಿಕೆ ಕಿತ್ತುಹಾಕುತ್ತಾರೆ ಅಂತ. ಅದರರ್ಥ ಅವರು ಕಿತ್ತುಹಾಕಲು ನೋಡಿದ್ದರು. ಬಾಯಿಯ ಮೂಲೆಯಲ್ಲಿ ಪ್ಲಾಸ್ಟರ್ ಅಂಟಿ ಅಂಟಿ ಚರ್ಮ ಸುಲಿದಿತ್ತು. ಮಣಿಕಟ್ಟಿನ ಮೇಲೆ ಕೆಂಪು ಗೆರೆ. ಒಂದು ದಿನ ನರ್ಸ್ ಕಣ್ತಪ್ಪಿಸಿ ಗಂಟು ಸಡಿಲ ಮಾಡಿ, ಕೈ ಹಿಡಿದುಕೊಂಡು ನಿಂತೆ. ಹತ್ತು ನಿಮಿಷ ಆದಮೇಲೆ ನಾನೇ ಮತ್ತೆ ಕಟ್ಟಿ ಹೊರಗೆ ಬಂದೆ. ಆ ಗಂಟು ಕಟ್ಟಿದ ಕೈ ನನ್ನದು ಅನ್ನುವುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಈಗ ನನಗೆ ಅನಿಸುವುದು ಇಷ್ಟು. ಕೊಲ್ಲುವುದು ಅಂದರೆ, ಬದುಕಬಹುದಾಗಿದ್ದ ಜೀವಕ್ಕೆ ಸಾವನ್ನು ತರುವುದು. ಅಪ್ಪನ ಶ್ವಾಸಕೋಶ, ಮೂತ್ರಪಿಂಡ ಎರಡೂ ಕೈಕೊಟ್ಟಿದ್ದವು. ಸಾವು ಆಗಲೇ ಬಂದು ಬಾಗಿಲಲ್ಲಿ ಕೂತಿತ್ತು. ಯಂತ್ರ ಅದನ್ನು ಹನ್ನೊಂದು ದಿನ ಹೊಸ್ತಿಲಲ್ಲೇ ಕಾಯಿಸಿತು. ಒಳ್ಳೆಯದಾಗುವ ಭರವಸೆ ಇದ್ದರೆ ಯಂತ್ರ ಚಿಕಿತ್ಸೆ. ಭರವಸೆ ಮುಗಿದ ಮೇಲೆ ಅದೇ ಯಂತ್ರ ಹಿಂಸೆ. ಅದನ್ನು ತೆಗೆದವರು ಕೊಲೆಗಾರರು ಅನ್ನುವುದಾದರೆ, "ಇನ್ನು ಮನೆಗೆ ಕರಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ" ಎಂದು ಹೇಳುತ್ತಿದ್ದ ಹಳೆ ಕಾಲದ ಊರ ಡಾಕ್ಟರುಗಳೆಲ್ಲ ಕೊಲೆಗಾರರೇ ಆಗಬೇಕು.

ಒಂದು ಎಚ್ಚರ ಮಾತ್ರ ಬೇಕು. ಭರವಸೆ ಮುಗಿದಿದೆ ಎಂದು ಹೇಳಬೇಕಾದವರು ಡಾಕ್ಟರುಗಳು. ಬಿಲ್ಲು ನೋಡಿ ಹೆದರಿದ ಮನೆಯವರಲ್ಲ. ಎರಡು ಮಂಡಳಿ ಇರುವುದು ಅದಕ್ಕೇ.

ಹಾಗಿದ್ದರೆ ಇಂಜೆಕ್ಷನ್ ಕೊಟ್ಟರೆ ತಪ್ಪೇನು? ಕೊನೆ ಎರಡೂ ಕಡೆ ಒಂದೇ ಅಲ್ವಾ?

ಈ ವಾದವನ್ನು ಹಗುರವಾಗಿ ತಳ್ಳಿಹಾಕಲು ಆಗುವುದಿಲ್ಲ. ಯಂತ್ರ ತೆಗೆದ ಮೇಲೆ ಕೆಲವರು ಗಂಟೆಗಟ್ಟಲೆ, ಕೆಲವರು ದಿನಗಟ್ಟಲೆ ಇರುತ್ತಾರೆ. ಇನ್ನು ಯಂತ್ರವೇ ಇಲ್ಲದ, ಕ್ಯಾನ್ಸರಿನಿಂದ ನರಳುತ್ತಿರುವ ಮನುಷ್ಯನಿಗೆ ನಿಲ್ಲಿಸಲು ಏನೂ ಇಲ್ಲ. "ಯಂತ್ರಕ್ಕೆ ಸಿಕ್ಕಿಕೊಂಡವನಿಗೆ ಬಿಡುಗಡೆ, ನನಗೆ ಮಾತ್ರ ಇಲ್ಲವಾ?" ಎಂದು ಅವನು ಕೇಳಿದರೆ ಏನು ಉತ್ತರ ಕೊಡುತ್ತೀರಿ?

ಎದುರು ವಾದವೂ ಗಟ್ಟಿ ಇದೆ. ಚಿಕಿತ್ಸೆ ಬೇಡ ಅನ್ನುವ ಹಕ್ಕು ಯಾವಾಗಲೂ ರೋಗಿಯದು. ನನ್ನ ಮೈಯನ್ನು ಮುಟ್ಟಬೇಡಿ ಅನ್ನುವ ಹಕ್ಕು ಅದು. ಆದರೆ "ನನ್ನನ್ನು ಕೊಲ್ಲಿ" ಅಂದಾಗ ಅದು ಇನ್ನೊಬ್ಬರ ಕೈಗೆ ಕೊಡುವ ಕೆಲಸ. ಅವತ್ತಿನಿಂದ ಡಾಕ್ಟರಿಗೆ ಹೊಸದೊಂದು ಅಧಿಕಾರ ಬರುತ್ತದೆ. ಅದು ಬಂದ ಮೇಲೆ ಬಡ ರೋಗಿಯೊಬ್ಬ ಡಾಕ್ಟರನ್ನು ಅದೇ ನಂಬಿಕೆಯಿಂದ ನೋಡಬಲ್ಲನಾ?

ನನ್ನ ನಿಲುವು ಹೇಳುತ್ತೇನೆ. ಇವತ್ತಿನ ಭಾರತದಲ್ಲಿ ಸಕ್ರಿಯ ದಯಾಮರಣ ಬೇಡ. ತತ್ವದಲ್ಲಿ ಅದು ಎಂದೆಂದಿಗೂ ತಪ್ಪು ಅಂತ ಅಲ್ಲ. ನೋವು ಕಳೆಯುವ ಮಾತ್ರೆಯನ್ನೇ ಎಲ್ಲರಿಗೂ ತಲುಪಿಸದೆ, ಸಾವಿನ ಇಂಜೆಕ್ಷನ್ ತಲುಪಿಸುವುದು ನ್ಯಾಯ ಅಲ್ಲ ಅಂತ.

ಬೇರೆ ದೇಶಗಳಲ್ಲಿ ಹೇಗಿದೆ?

ಒಂದೊಂದು ಕಡೆ ಒಂದೊಂದು ಥರ. ಸ್ವಿಟ್ಜರ್ಲೆಂಡಿನಲ್ಲಿ ಸ್ವಾರ್ಥ ಇಲ್ಲದೆ ನೆರವಾದರೆ ಅಪರಾಧ ಅಲ್ಲ. ಅಲ್ಲಿನ ಆ ಕಾನೂನು 1942ರಿಂದ ಇದೆ. ಆದರೆ ರೋಗಿಯೇ ಔಷಧಿ ತೆಗೆದುಕೊಳ್ಳಬೇಕು. 104 ವರ್ಷದ ಆಸ್ಟ್ರೇಲಿಯಾದ ವಿಜ್ಞಾನಿ ಡೇವಿಡ್ ಗುಡಾಲ್ 2018ರ ಮೇ ತಿಂಗಳಲ್ಲಿ ಬಾಸೆಲ್‌ಗೆ ಹೋಗಿ ಹಾಗೆ ತೀರಿಕೊಂಡರು. ಅವರಿಗೆ ಸಾಯುವಂಥ ಕಾಯಿಲೆ ಇರಲಿಲ್ಲ. ಬದುಕು ಸಾಕಾಗಿತ್ತು.

ನೆದರ್ಲೆಂಡ್ಸ್ ಮತ್ತು ಬೆಲ್ಜಿಯಂನಲ್ಲಿ 2002ರಿಂದ ಡಾಕ್ಟರೇ ಇಂಜೆಕ್ಷನ್ ಕೊಡಬಹುದು. ಅಮೆರಿಕದ ಆರೆಗಾನ್‌ನಲ್ಲಿ 1997ರಿಂದ, ಆರು ತಿಂಗಳೊಳಗೆ ಸಾಯಲಿದ್ದಾರೆ ಎಂದು ಇಬ್ಬರು ಡಾಕ್ಟರುಗಳು ಹೇಳಿದರೆ ಔಷಧಿ ಬರೆದುಕೊಡಬಹುದು. ಕೆನಡಾದಲ್ಲಿ 2016ರಿಂದ, ನ್ಯೂಜಿಲೆಂಡಿನಲ್ಲಿ ಜನಮತ ಆದಮೇಲೆ 2021ರಿಂದ ಇದೆ. ಮಕ್ಕಳ ಜೊತೆ ಆ ದೇಶಗಳಲ್ಲಿ ನೆಲೆಸಿರುವ ನಮ್ಮ ಕನ್ನಡದ ಹಿರಿಯರು ಅಲ್ಲಿನ ಆಸ್ಪತ್ರೆಯಲ್ಲಿ ಈ ಮಾತು ಕೇಳಿ ಗಾಬರಿಯಾಗುವುದುಂಟು. ಬೇಡ ಅಂದರೆ ಬೇಡ. ಯಾರೂ ಒತ್ತಾಯ ಮಾಡುವ ಹಾಗಿಲ್ಲ.

ಒಮ್ಮೆ ಬಾಗಿಲು ತೆರೆದರೆ ಮುಚ್ಚಲು ಆಗಲ್ಲ ಅನ್ನುತ್ತಾರಲ್ಲ?

ಭಯಕ್ಕೆ ಕಾರಣ ಇದೆ. ಬೆಲ್ಜಿಯಂ 2014ರಲ್ಲಿ ವಯಸ್ಸಿನ ಮಿತಿ ತೆಗೆಯಿತು. ಕೆನಡಾ 2021ರಲ್ಲಿ, ಸಾವು ಹತ್ತಿರ ಇಲ್ಲದವರಿಗೂ ಅವಕಾಶ ಕೊಟ್ಟಿತು. ಆದರೆ ಆರೆಗಾನ್‌ನಲ್ಲಿ ಇಷ್ಟು ವರ್ಷ ಆದರೂ ಆರು ತಿಂಗಳ ಗೆರೆ ಹಾಗೇ ಇದೆ. ಅಂದರೆ ಬಾಗಿಲು ತಾನಾಗಿ ತೆರೆದುಕೊಳ್ಳುವುದಿಲ್ಲ. ತೆರೆಯುವವರು ನಾವೇ.

ನನಗೆ ಬೆಲ್ಜಿಯಂಗಿಂತ ಹತ್ತಿರದ ಒಂದು ಉದಾಹರಣೆ ಜಾಸ್ತಿ ಹೆದರಿಕೆ ಹುಟ್ಟಿಸುತ್ತದೆ. ತಮಿಳುನಾಡಿನ ವಿರುದುನಗರದ ಕಡೆ ತಲೈಕೂತಲ್ ಅನ್ನುವ ಪದ್ಧತಿ ಇತ್ತು. ಹಾಸಿಗೆ ಹಿಡಿದ ಮುದುಕರಿಗೆ ಬೆಳಗಿನ ಜಾವ ಎಣ್ಣೆ ಹಚ್ಚಿ ತಣ್ಣೀರಿನ ಸ್ನಾನ ಮಾಡಿಸುವುದು, ಮೇಲೆ ಎಳನೀರು ಕುಡಿಸುವುದು. ಮೈ ತಣ್ಣಗಾಗಿ, ಜ್ವರ ಬಂದು ಒಂದೆರಡು ದಿನದಲ್ಲಿ ಜೀವ ಹೋಗುತ್ತದೆ. ನೋಡುವವರಿಗೆ ಅದು ಆರೈಕೆಯ ಹಾಗೇ ಕಾಣುತ್ತದೆ. ಮಾಡುವವರೂ ಕರುಣೆ ಅಂತಲೇ ಹೇಳಿಕೊಳ್ಳುತ್ತಾರೆ. ಎಣ್ಣೆ ಬಟ್ಟಲು ಹಿಡಿದು ಬರುವ ಮಗನನ್ನು ಹಾಸಿಗೆಯಲ್ಲಿರುವ ತಾಯಿ ಯಾವ ಕಣ್ಣಿನಿಂದ ನೋಡಿರಬಹುದು?

ನಮ್ಮ ಮನೆಗಳಲ್ಲಿ ಹಿರಿಯರು "ಯಾರಿಗೂ ಭಾರ ಆಗಬಾರದಪ್ಪ" ಅನ್ನುತ್ತಲೇ ಇರುತ್ತಾರೆ. ಆ ಮಾತು ಎಷ್ಟರ ಮಟ್ಟಿಗೆ ಅವರ ಇಷ್ಟ, ಎಷ್ಟರ ಮಟ್ಟಿಗೆ ನಮ್ಮ ಮುಖ ನೋಡಿ ಹುಟ್ಟಿದ್ದು? ಕಾನೂನು ಇದನ್ನು ಅಳೆಯಲಾರದು. ಆಸ್ತಿ, ಮಾತ್ರೆ ಖರ್ಚು, ಸೊಸೆಯ ಮೌನ ಎಲ್ಲ ಸೇರಿ ಒಬ್ಬ ಅಜ್ಜಿಯ ಬಾಯಲ್ಲಿ "ಸಾಕು" ಅನ್ನಿಸುತ್ತವೆ.

ಅಂಗವೈಕಲ್ಯ ಇರುವವರು ಇದನ್ನು ಯಾಕೆ ವಿರೋಧಿಸುತ್ತಾರೆ?

ಎಲ್ಲರೂ ವಿರೋಧಿಸುವುದಿಲ್ಲ. ವಿರೋಧಿಸುವವರ ಮಾತು ಸರಳ: ಇನ್ನೊಬ್ಬರ ಕೈಯಿಂದ ಊಟ, ಗಾಲಿಕುರ್ಚಿ, ಡೈಪರ್, ಇವನ್ನೆಲ್ಲ ನೀವು ಘನತೆ ಇಲ್ಲದ ಬದುಕು ಅನ್ನುತ್ತೀರಿ. ಅದು ನಮ್ಮ ದಿನನಿತ್ಯದ ಬದುಕು, ನಾವು ಅದನ್ನು ಪ್ರೀತಿಯಿಂದಲೇ ಬದುಕುತ್ತಿದ್ದೇವೆ. ಈ ಮಾತು ಕೇಳಿದ ಮೇಲೆ ನಾನು ಘನತೆ ಅನ್ನುವ ಪದವನ್ನು ಸ್ವಲ್ಪ ನೋಡಿಕೊಂಡು ಬಳಸುತ್ತೇನೆ.

ನೋವು ತಡೆಯಲಾಗದೆ ಸಾವು ಕೇಳುವವರಿಗೆ ಬೇರೆ ದಾರಿ ಏನಿದೆ?

ಪ್ಯಾಲಿಯೇಟಿವ್ ಕೇರ್. ರೋಗ ವಾಸಿ ಮಾಡುವುದಕ್ಕಲ್ಲ, ರೋಗಿಯ ನೋವು, ಉಬ್ಬಸ, ವಾಂತಿ, ಭಯ ಕಡಿಮೆ ಮಾಡುವುದಕ್ಕೆ ಇರುವ ಆರೈಕೆ. ಬೆಂಗಳೂರಿನ ಕರುಣಾಶ್ರಯದಲ್ಲಿ ಕ್ಯಾನ್ಸರಿನ ಕೊನೆ ಹಂತದ ರೋಗಿಗಳನ್ನು ಒಂದು ರೂಪಾಯಿ ತೆಗೆದುಕೊಳ್ಳದೆ ನೋಡಿಕೊಳ್ಳುತ್ತಾರೆ. ಕೇರಳದಲ್ಲಿ 2008ರಲ್ಲೇ ಇದಕ್ಕೆ ಸರ್ಕಾರದ ನೀತಿ ಬಂತು. ಅಲ್ಲಿ ಪಂಚಾಯ್ತಿ ಮಟ್ಟದಲ್ಲಿ ನರ್ಸುಗಳು ಮನೆಗೇ ಹೋಗುತ್ತಾರೆ.

ಮಾರ್ಫಿನ್ ಬಗ್ಗೆ ಒಂದು ಮಾತು. ಕ್ಯಾನ್ಸರ್ ನೋವಿಗೆ ಅದು ಅಗ್ಗದ, ಒಳ್ಳೆಯ ಔಷಧಿ. ಆದರೆ 1985ರ ಮಾದಕ ವಸ್ತು ಕಾಯ್ದೆ ಬಂದ ಮೇಲೆ ಲೈಸೆನ್ಸುಗಳ ಗೋಜಿಗೆ ಹೆದರಿ ಆಸ್ಪತ್ರೆಗಳು ಅದನ್ನು ಇಡುವುದನ್ನೇ ಬಿಟ್ಟವು. ಒಂದಿಡೀ ತಲೆಮಾರಿನ ಡಾಕ್ಟರುಗಳು ಅದನ್ನು ಬಳಸಲು ಕಲಿಯಲೇ ಇಲ್ಲ. 2014ರ ತಿದ್ದುಪಡಿ ನಿಯಮ ಸಡಿಲ ಮಾಡಿತು. ಭಯ ಇನ್ನೂ ಸಡಿಲ ಆಗಿಲ್ಲ. "ಮಾರ್ಫಿನ್ ಕೊಟ್ಟರೆ ಬೇಗ ಹೋಗಿಬಿಡ್ತಾರಂತೆ" ಅನ್ನುವವರು ಇದ್ದಾರೆ. ಸರಿಯಾದ ಪ್ರಮಾಣದಲ್ಲಿ, ನೋವು ನೋಡಿಕೊಂಡು ಏರಿಸಿದರೆ ಹಾಗಾಗುವುದಿಲ್ಲ. ನೋವು ಇಳಿದ ಮೇಲೆ ಎಷ್ಟೋ ಜನ ನಿದ್ದೆ ಮಾಡುತ್ತಾರೆ, ಒಂದೆರಡು ತುತ್ತು ತಿನ್ನುತ್ತಾರೆ, ಮೊಮ್ಮಕ್ಕಳನ್ನು ಹತ್ತಿರ ಕರೆಯುತ್ತಾರೆ. ಸಾಯುವ ಮಾತು ತಾನಾಗಿಯೇ ಹಿಂದೆ ಸರಿಯುತ್ತದೆ. ಎಲ್ಲರಿಗೂ ಅಲ್ಲ, ಅದನ್ನೂ ಹೇಳಬೇಕು. ಏನು ಮಾಡಿದರೂ ಇಳಿಯದ ನೋವು ಕೆಲವರಿಗೆ ಇರುತ್ತದೆ. ಅವರಿಗೆ ಪ್ರಜ್ಞೆ ಮಂಕಾಗಿಸಿ ನೋವು ಗೊತ್ತಾಗದ ಹಾಗೆ ಮಾಡುವ ಚಿಕಿತ್ಸೆಯೂ ಇದೆ.

ಜೈನರ ಸಲ್ಲೇಖನ ಆತ್ಮಹತ್ಯೆನಾ?

ಸಲ್ಲೇಖನ ಅಂದರೆ ಸಾವು ಹತ್ತಿರ ಬಂದಾಗ ಅನ್ನ, ನೀರು ಬಿಡುತ್ತಾ ಜೀವ ಬಿಡುವ ವ್ರತ. ಅದು ಆತ್ಮಹತ್ಯೆಯೇ ಹೌದು ಎಂದು ರಾಜಸ್ಥಾನ ಹೈಕೋರ್ಟ್ 2015ರ ಆಗಸ್ಟಿನಲ್ಲಿ ಹೇಳಿತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಕನ್ನಡದವರಿಗೆ ಇದು ಹೊರಗಿನ ಮಾತಲ್ಲ. ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಿದರೆ ಬಂಡೆಯ ಮೇಲೆಲ್ಲ ಹಾಗೆ ತೀರಿಕೊಂಡವರ ಶಾಸನಗಳೇ. ಶಾಂತಲೆಯ ತಾಯಿ ಮಾಚಿಕಬ್ಬೆ ಮಗಳು ಹೋದ ಮೇಲೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಅನ್ನ ಬಿಟ್ಟು ಜೀವ ಬಿಟ್ಟಳು ಎಂದು ಅಲ್ಲಿನ ಶಾಸನ ಹೇಳುತ್ತದೆ. ಅದನ್ನು ಓದಿದಾಗ ನನಗೆ ವ್ರತಕ್ಕಿಂತ ಮೊದಲು ಕಂಡದ್ದು ಮಗಳನ್ನು ಕಳಕೊಂಡ ತಾಯಿ.

ಜೈನರು ಹೇಳುವ ವ್ಯತ್ಯಾಸ ಇದು: ಆತ್ಮಹತ್ಯೆ ಆವೇಶದ ಕೆಲಸ, ಗುಟ್ಟಾಗಿ ನಡೆಯುತ್ತದೆ. ಸಲ್ಲೇಖನ ಗುರುವಿನ ಅಪ್ಪಣೆ ಪಡೆದು, ಎಲ್ಲರ ಎದುರು, ನಿಧಾನವಾಗಿ, ಸಾವು ಹತ್ತಿರ ಬಂದಾಗ ಮಾತ್ರ. ವಿರೋಧಿಸುವವರು ಕೇಳುವುದು: ನಡುವೆ ಮನಸ್ಸು ಬದಲಾಗಿ ಊಟ ಬೇಕು ಅಂದರೆ, ಸುತ್ತ ನೆರೆದ ಭಕ್ತರ ನಡುವೆ ಆ ದನಿ ಕೇಳಿಸುತ್ತದಾ? ಎರಡೂ ನ್ಯಾಯವಾದ ಮಾತು.

ಧರ್ಮಗಳು ಏನು ಹೇಳುತ್ತವೆ?

ಕ್ಯಾಥೊಲಿಕ್ ಚರ್ಚು ಕೊಲ್ಲುವುದನ್ನು ಒಪ್ಪುವುದೇ ಇಲ್ಲ. ಆದರೆ ಅಸಾಧಾರಣ ಚಿಕಿತ್ಸೆಯನ್ನು ಮುಂದುವರಿಸಲೇಬೇಕು ಅನ್ನುವ ಕಟ್ಟುಪಾಡಿಲ್ಲ ಎಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ಹೇಳಿದ್ದರು. ಇಸ್ಲಾಮಿನಲ್ಲಿ ಜೀವ ಅಲ್ಲಾಹನ ಅಮಾನತ್ತು, ತೆಗೆಯುವ ಹಕ್ಕು ನಮಗಿಲ್ಲ. ಆದರೂ ಉಪಯೋಗವಿಲ್ಲದ ಯಂತ್ರ ತೆಗೆಯಬಹುದು ಅನ್ನುವ ವಿದ್ವಾಂಸರು ಅನೇಕರಿದ್ದಾರೆ. ಹಿಂದೂಗಳಲ್ಲಿ ಒಂದೇ ಮಾತಿಲ್ಲ. ಕರ್ಮ ಅನುಭವಿಸಿ ತೀರಿಸಬೇಕು ಅನ್ನುವವರೂ ಇದ್ದಾರೆ, ಭೀಷ್ಮನ ಇಚ್ಛಾಮರಣ ನೆನೆಯುವವರೂ ಇದ್ದಾರೆ. "ಅನಾಯಾಸೇನ ಮರಣಂ" ಎಂದು ದಿನವೂ ದೇವರ ಮುಂದೆ ಬೇಡುತ್ತಿದ್ದ ನಮ್ಮಜ್ಜಿ, ಶಾಸ್ತ್ರ ಏನನ್ನುತ್ತದೆ ಅಂತ ಯಾರನ್ನೂ ಕೇಳಿರಲಿಲ್ಲ.

ಊಟ, ನೀರು ನಿಲ್ಲಿಸುವುದು ಕ್ರೂರ ಅಲ್ವಾ?

ಎರಡನ್ನು ಬೇರೆ ಮಾಡಿ ನೋಡಬೇಕು. ಬಾಯಿಂದ ತಿನ್ನಲು ಆಸೆ ಇರುವವರಿಗೆ ಕೊಡದೇ ಇರುವುದು ಕ್ರೌರ್ಯವೇ. ಮೂಗಿನ ನಳಿಕೆಯಿಂದ ಸುರಿಯುವ ದ್ರವ ಊಟವಾ ಚಿಕಿತ್ಸೆಯಾ ಅನ್ನುವುದು ಬೇರೆ ಪ್ರಶ್ನೆ. ಫುಟ್ಬಾಲ್ ಮೈದಾನದ ನೂಕುನುಗ್ಗಲಿನಲ್ಲಿ ಮೆದುಳಿಗೆ ಪೆಟ್ಟಾಗಿದ್ದ ಟೋನಿ ಬ್ಲಾಂಡ್ ಎಂಬ ಯುವಕನ ಪ್ರಕರಣದಲ್ಲಿ, ಆಗ ಬ್ರಿಟನ್ನಿನ ಅತಿ ದೊಡ್ಡ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1993ರಲ್ಲಿ ಅದನ್ನು ಚಿಕಿತ್ಸೆ ಎಂದೇ ಪರಿಗಣಿಸಿ ನಿಲ್ಲಿಸಲು ಬಿಟ್ಟಿತು. ನಮ್ಮವರಿಗೆ ಇದನ್ನು ಒಪ್ಪುವುದು ಕಷ್ಟ. ತುತ್ತು ಅನ್ನುವುದು ನಮಗೆ ಔಷಧಿ ಅಲ್ಲ, ಋಣ.

ಸಾವು ಹತ್ತಿರ ಬಂದಾಗ ದೇಹವೇ ಊಟ ಬೇಡ ಅನ್ನುತ್ತದೆ. ನಮ್ಮಜ್ಜಿ ಕೊನೆಯ ಎಂಟು ದಿನ ಬಾಯಿ ತೆರೆಯಲಿಲ್ಲ. ಹಳ್ಳಿ ಮನೆಯ ನಡುಮನೆಯಲ್ಲಿ ಚಾಪೆ ಹಾಕಿ ಮಲಗಿಸಿದ್ದರು. ಅಮ್ಮ ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿ ಒರೆಸುತ್ತಿದ್ದಳು. ದನ ಕರೆದು ಬಂದವರು, ಶಾಲೆ ಮುಗಿಸಿ ಬಂದ ಮಕ್ಕಳು, ಪಕ್ಕದ ಮನೆಯವರು ಒಬ್ಬೊಬ್ಬರೇ ಬಂದು ಹತ್ತಿರ ಕೂತು ಏಳುತ್ತಿದ್ದರು. ಡ್ರಿಪ್ ಹಾಕಿಸೋಣ ಅಂದ ಚಿಕ್ಕಪ್ಪನಿಗೆ ಅಮ್ಮ ಹೇಳಿದ್ದು "ಬೇಡ, ಅವರಿಗೆ ಹಸಿವಿಲ್ಲ" ಅಂತ. ಅದಕ್ಕೆ ಯಾರೂ ದಯಾಮರಣ ಅನ್ನಲಿಲ್ಲ.

ಮೆದುಳು ಸತ್ತಿದೆ ಅಂದರೆ ಅರುಣಾ ಇದ್ದಂಥ ಸ್ಥಿತಿಯೇನಾ?

ಅಲ್ಲ. ಮೆದುಳಿನ ಸಾವು ಕಾನೂನಿನ ಪ್ರಕಾರ ಸಾವೇ. ಅಂಗಾಂಗ ದಾನದ ಮಾತು ಬರುವುದು ಅಲ್ಲಿ. ಅರುಣಾ ಇದ್ದ ಸ್ಥಿತಿ ಬೇರೆ. ಅವರು ತಾವಾಗಿಯೇ ಉಸಿರಾಡುತ್ತಿದ್ದರು.

ದುಡ್ಡಿಲ್ಲ ಅಂತ ಚಿಕಿತ್ಸೆ ನಿಲ್ಲಿಸಿ ಮನೆಗೆ ಕರೆದೊಯ್ಯುತ್ತಾರಲ್ಲ, ಅದು ಏನು?

ಆಸ್ಪತ್ರೆಯ ಭಾಷೆಯಲ್ಲಿ ಅದಕ್ಕೆ ಲಾಮಾ ಅನ್ನುತ್ತಾರೆ. ಡಾಕ್ಟರ ಸಲಹೆಗೆ ವಿರುದ್ಧವಾಗಿ, ನಮ್ಮ ಜವಾಬ್ದಾರಿಯಲ್ಲಿ ಕರೆದೊಯ್ಯುತ್ತಿದ್ದೇವೆ ಎಂದು ಬರೆದುಕೊಡುವುದು. ಅಪ್ಪ ಇದ್ದ ಐಸಿಯು ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರೊಬ್ಬರು ಆರನೇ ದಿನ ಹೀಗೇ ತಮ್ಮನನ್ನು ಕರಕೊಂಡು ಹೋದರು. ಎರಡು ಎಕರೆ ಅಡ ಇಟ್ಟಾಗಿತ್ತು. ಆಂಬುಲೆನ್ಸಿನಲ್ಲಿ ಬಲೂನು ಒತ್ತಿ ಉಸಿರು ಕೊಡುತ್ತಾ ಹೋದರು. ಕೈಗೆ ನೋವಿನ ಒಂದು ಮಾತ್ರೆಯನ್ನೂ ಯಾರೂ ಕೊಟ್ಟಿರಲಿಲ್ಲ.

ಘನತೆಯ ಸಾವಿನ ಚರ್ಚೆ ಕೋರ್ಟಿನಲ್ಲಿ ನಡೆಯುತ್ತದೆ. ದೇಶದಲ್ಲಿ ನಿಜವಾಗಿ ಚಿಕಿತ್ಸೆ ನಿಲ್ಲುವುದು ಹೀಗೆ. ಮಂಡಳಿ ಇಲ್ಲ, ಮಾರ್ಫಿನ್ ಇಲ್ಲ, ಒಂದು ಸಮಾಧಾನದ ಮಾತೂ ಇಲ್ಲ. ಈ ವಿಷಯದಲ್ಲಿ ನನಗೆ ಸಿಟ್ಟಿದೆ, ಅದನ್ನು ಮುಚ್ಚಿಡುವುದಿಲ್ಲ.

ಕಾಯಿಲೆ ಅಂಥದ್ದೇನಿಲ್ಲ, ಆದರೆ ನನಗೇ ಸಾಯಬೇಕು ಅನಿಸುತ್ತಿದೆ. ಇದು ನನಗೂ ಅನ್ವಯಿಸುತ್ತದಾ?

ಇಲ್ಲ. ನಿಮಗೆ ಬೇಕಾಗಿರುವುದು ಬೇರೆ ಸಹಾಯ, ಅದು ಸಿಗುತ್ತದೆ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಈಗಲೇ ಕರೆ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮೊದಲು ಮನೆಯಲ್ಲಿ ಅಥವಾ ಹತ್ತಿರದಲ್ಲಿ ಯಾರಿದ್ದಾರೋ ಅವರಿಗೆ "ನನ್ನ ಜೊತೆ ಸ್ವಲ್ಪ ಹೊತ್ತು ಕೂತಿರು" ಅನ್ನಿ. ಅಷ್ಟು ಹೇಳಿದರೆ ಸಾಕು. ಕಾರಣ ಆಮೇಲೆ ಹೇಳಬಹುದು.

ಲಿವಿಂಗ್ ವಿಲ್ ಬರೆಯುವುದು ಹೇಗೆ?

18 ವರ್ಷ ತುಂಬಿದ, ಬುದ್ಧಿ ಸ್ಥಿಮಿತದಲ್ಲಿರುವ ಯಾರು ಬೇಕಾದರೂ ಬರೆಯಬಹುದು. ಯಾವ ಚಿಕಿತ್ಸೆ ಬೇಡ, ಯಾವ ಸ್ಥಿತಿಯಲ್ಲಿ ಬೇಡ ಎಂದು ಸ್ಪಷ್ಟವಾಗಿ ಬರೆಯಿರಿ. "ಸುಮ್ನೆ ಎಳೀಬೇಡಿ" ಅಂತ ಬರೆದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ. ನಿಮ್ಮ ಪರವಾಗಿ ತೀರ್ಮಾನ ಹೇಳುವವರ ಹೆಸರು ಹಾಕಿ, ಒಬ್ಬರಿಗಿಂತ ಹೆಚ್ಚು ಇದ್ದರೆ ಒಳ್ಳೆಯದು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿ. ಒಂದು ಪ್ರತಿ ಹೆಸರಿಸಿದವರಿಗೆ, ಒಂದು ನಿಮ್ಮ ಡಾಕ್ಟರಿಗೆ, ಒಂದು ಪಂಚಾಯ್ತಿ ಅಥವಾ ನಗರಸಭೆಯ ಗೊತ್ತುಪಡಿಸಿದ ಅಧಿಕಾರಿಗೆ. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಬರವಣಿಗೆಯಲ್ಲಿ ರದ್ದು ಮಾಡಬಹುದು.

ಗೋವಾದಲ್ಲಿ ಹೈಕೋರ್ಟಿನ ನ್ಯಾಯಮೂರ್ತಿ ಎಂ.ಎಸ್. ಸೋನಕ್ ಅವರೇ 2024ರಲ್ಲಿ ಮೊದಲಿಗರಾಗಿ ತಮ್ಮದನ್ನು ನೋಂದಾಯಿಸಿದರು.

ವಿಲ್ ಇಲ್ಲದಿದ್ದರೆ? ಮನೆಯವರಲ್ಲೇ ಒಮ್ಮತ ಇಲ್ಲದಿದ್ದರೆ?

ವಿಲ್ ಇಲ್ಲದಿದ್ದರೂ ಮನೆಯವರ ಒಪ್ಪಿಗೆ ಮೇಲೆ ಅದೇ ಎರಡು ಮಂಡಳಿಗಳ ದಾರಿ ಇದೆ. ಒಮ್ಮತ ಇಲ್ಲದಿದ್ದರೆ ಡಾಕ್ಟರು ಮುಂದೆ ಹೋಗುವುದಿಲ್ಲ. ದೂರದ ಊರಿಂದ ಕೊನೆಗೆ ಬಂದ ಮಗ ಅಥವಾ ಮಗಳೇ "ಏನಾದರೂ ಮಾಡಿ, ಉಳಿಸಿ" ಎಂದು ಜಾಸ್ತಿ ಹಟ ಹಿಡಿಯುವುದನ್ನು ನಾನು ನೋಡಿದ್ದೇನೆ. ಅವರ ಮೇಲೆ ಸಿಟ್ಟಾಗಬೇಡಿ. ನೀವು ತಿಂಗಳುಗಟ್ಟಲೆ ನೋಡಿದ್ದನ್ನು ಅವರು ಇವತ್ತು ಮೊದಲ ಸಲ ನೋಡುತ್ತಿದ್ದಾರೆ. ಒಂದು ದಿನ ಕೊಡಿ, ಪಕ್ಕದಲ್ಲಿ ಕೂರಲು ಬಿಡಿ.

ಮನೆಯಲ್ಲಿ ಈ ಮಾತು ಎತ್ತುವುದು ಹೇಗೆ? ಅಪಶಕುನ ಅನ್ನುತ್ತಾರೆ.

"ನಿಮ್ಮ ಸಾವಿನ ಬಗ್ಗೆ ಮಾತಾಡೋಣ" ಅಂತ ಶುರು ಮಾಡಬೇಡಿ. ಯಾರದ್ದೋ ತಿಥಿಗೆ ಹೋಗಿ ಬಂದ ದಿನ ಹಿರಿಯರೇ ಮಾತು ತೆಗೆಯುತ್ತಾರೆ. "ಪುಣ್ಯವಂತ, ನರಳದೆ ಹೋದ" ಅನ್ನುತ್ತಾರೆ. ಆಗ "ಬಿಡಿ, ಅದೆಲ್ಲ ಯಾಕೆ ಈಗ" ಎಂದು ಬಾಯಿ ಮುಚ್ಚಿಸಬೇಡಿ. ನಾನು ಅಪ್ಪನಿಗೆ ಎಷ್ಟು ಸಲ ಹಾಗೆ ಅಂದಿದ್ದೆನೋ ಲೆಕ್ಕವಿಲ್ಲ.

ಅಮ್ಮನ ಜೊತೆ ಹೋದ ವರ್ಷ ಮಾತಾಡಿದೆ. ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. "ಅಪ್ಪನಿಗೆ ಮಾಡಿದ ಹಾಗೆ ನಿನಗೂ ಮಾಡಬೇಕಾ?" ಅಂತ ಕೇಳಿಯೇಬಿಟ್ಟೆ. ಅಮ್ಮ ಕಾಳು ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಆ ಕೊಳವೆ ಬೇಡ" ಅಂದಳು. ಸ್ವಲ್ಪ ಹೊತ್ತಿನ ಮೇಲೆ "ಮನೇಲಿ ಮಲಗಿಸಿ, ಕಿಟಕಿ ಹತ್ತಿರ" ಅಂದಳು. ಇನ್ನೂ ಸ್ವಲ್ಪ ಹೊತ್ತಿನ ಮೇಲೆ "ಕೈ ಕಟ್ಟಬೇಡ" ಅಂದಳು. ಅವಳಿಗೆ ಅದು ಗೊತ್ತಿತ್ತು ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಮೂರನ್ನೂ ಹಾಗೇ ಬರೆದುಕೊಂಡೆ. ಮುಂದಿನ ವಾರ ನೋಟರಿ ಹತ್ತಿರ ಹೋದೆವು.